ಭತ್ತದ ಲೋಡು, ಹಾಫ್ ಕ್ಲಚ್ಚು ಮತ್ತು ಆಟೋಮ್ಯಾಟಿಕ್ ಗೇರು

ಲೋಡು ಹೊರುವ ಗಾಡಿಗೆ ಕೈಗೇರೇ ಸರಿ, ಆಟೋಮ್ಯಾಟಿಕ್ ಏನಿದ್ದರೂ ಬೆಂಗಳೂರಿನ ಕಾರುಗಳಿಗೆ ಎಂಬ ಮಾತು ಕೊಪ್ಪಳ ಜಿಲ್ಲೆಯ ಗಂಗಾವತಿಯ ಗ್ಯಾರೇಜುಗಳಲ್ಲಷ್ಟೇ ಅಲ್ಲ, ವಾಹನಗಳ ಬಗ್ಗೆ ಬರೆಯುವವರಲ್ಲೂ ಗಟ್ಟಿಯಾಗಿ ಕೂತಿದೆ. ಗೇರ್‌ಬಾಕ್ಸ್ ಬೆಳೆದುಬಂದ ದಾರಿಯನ್ನು ನೋಡಿದರೆ ಈ ಮಾತು ನಿಲ್ಲುವುದಿಲ್ಲ. ಮೊದಲ ಘಟ್ಟವನ್ನು ಬೇಗ ಮುಗಿಸಬಹುದು. 1953ರಲ್ಲಿ ಮುನಿರಾಬಾದಿನ ತುಂಗಭದ್ರಾ ಅಣೆಕಟ್ಟು ಮುಗಿದು, ಎಡದಂಡೆ ಕಾಲುವೆಯ ನೀರು ಗಂಗಾವತಿ ಸೀಮೆಯನ್ನು ಭತ್ತದ ನಾಡಾಗಿಸತೊಡಗಿತು; ಮರುವರ್ಷ ಟೆಲ್ಕೊ, ಡೈಮ್ಲರ್-ಬೆನ್ಜ್ ಜೊತೆ ಸೇರಿ ಲಾರಿ ತಯಾರಿಕೆಗೆ ಇಳಿಯಿತು. ಹಳೆಯ ಲಾರಿಗಳಲ್ಲಿ ಗೇರು ಬೀಳಬೇಕಾದರೆ ಡಬಲ್ ಕ್ಲಚ್ ಹೊಡೆಯಬೇಕಿತ್ತು, ಅಂದರೆ ಒಂದು ಗೇರಿಗೆ ಎರಡು ಸಲ ಕ್ಲಚ್ ಒತ್ತಬೇಕಿತ್ತು. ಹಲ್ಲುಗಳ ವೇಗವನ್ನು ತಾನೇ ಹೊಂದಿಸುವ ಸಿಂಕ್ರೋಮೆಶ್ 1928ರಲ್ಲೇ ಕ್ಯಾಡಿಲಾಕ್ ಕಾರಿಗೆ ಬಂದಿದ್ದರೂ ನಮ್ಮ ಲೋಡ್ ಗಾಡಿಗಳಿಗೆ ಇಳಿಯಲು ದಶಕಗಳು ಹಿಡಿದವು.

ಕೊಪ್ಪಳದ ಸಾಗಣೆಯನ್ನು ನಿಜವಾಗಿ ಬದಲಿಸಿದ್ದು ಸಣ್ಣ ಗಾಡಿಗಳ ತಲೆಮಾರು: 1986ರ ಟಾಟಾ 407, 2005ರ ಟಾಟಾ ಏಸ್, 2011ರ ಅಶೋಕ್ ಲೇಲ್ಯಾಂಡ್ ದೋಸ್ತ್, ಮತ್ತು ಎಲ್ಲಕ್ಕಿಂತ ಹೆಚ್ಚಾಗಿ ಮಹೀಂದ್ರದ ಬೊಲೆರೊ ಪಿಕಪ್. ಇವಕ್ಕೆ ಸಲ್ಲಬೇಕಾದ ಗೌರವ ಇನ್ನೂ ಸಂದಿಲ್ಲ. ಲಾರಿ ಡಾಂಬರು ಮುಗಿದಲ್ಲಿ ನಿಂತಿತು. ಪಿಕಪ್ ಹೊಲದ ಬದುವಿನವರೆಗೆ ಹೋಯಿತು. ಕಾರಟಗಿ, ಗಂಗಾವತಿಯ ಗಿರಣಿಗಳಿಗೆ ಭತ್ತ, ಕುಷ್ಟಗಿಯ ತೋಟಗಳಿಂದ ದಾಳಿಂಬೆ, ಯಲಬುರ್ಗಾದ ಎರೆಹೊಲಗಳಿಂದ ಕಡಲೆ, ಜೋಳ ಎಲ್ಲವನ್ನೂ ಹೊತ್ತದ್ದು ನಾಲ್ಕೈದು ಗೇರಿನ ಈ ಸರಳ ಗೇರ್‌ಬಾಕ್ಸ್. ಅದನ್ನು ಇಳಿಸಿ, ಕ್ಲಚ್ ಪ್ಲೇಟು ಬದಲಿಸಿ, ಸಂಜೆಯೊಳಗೆ ಗಾಡಿ ಹೊರಡಿಸುವ ಮೇಸ್ತ್ರಿ ಪ್ರತಿ ತಾಲ್ಲೂಕಿನಲ್ಲೂ ಸಿಗುತ್ತಾನೆ. ಕೈಗೇರು ಇಲ್ಲಿ ಗೆದ್ದದ್ದು ಈ ಬಲದಿಂದ. ಹೆಚ್ಚು ಭಾರ ಎಳೆಯುತ್ತದೆ ಎಂಬ ಕಾರಣದಿಂದಲ್ಲ. ಬೊಲೆರೊ ಪಿಕಪ್ಪಿನ ಒಂದು ಮಾದರಿ ಹೊರಬೇಕಾದದ್ದು 1,700 ಕಿಲೋ, ಅಂದರೆ 75 ಕಿಲೋದ ಭತ್ತದ ಚೀಲ ಇಪ್ಪತ್ತೆರಡು. ಸುಗ್ಗಿಯಲ್ಲಿ ಲೆಕ್ಕ ಅಲ್ಲಿಗೆ ನಿಲ್ಲುವುದಿಲ್ಲ. ಕಾಲುವೆ ಏರಿಯ ಕೆಸರಿನಲ್ಲಿ ಚಾಲಕ ಹಾಫ್ ಕ್ಲಚ್ಚಿನಲ್ಲೇ, ಅಂದರೆ ಕ್ಲಚ್ಚನ್ನು ಅರ್ಧ ಒತ್ತಿಹಿಡಿದೇ, ಗಾಡಿ ಎಬ್ಬಿಸುತ್ತಾನೆ. ಪ್ಲೇಟು ಜಾರುತ್ತ ಜಾರುತ್ತ ಕಾಯುತ್ತದೆ, ಸುಡುತ್ತದೆ. ಗಿರಣಿಯ ಮುಂದಿನ ಸರದಿಯಲ್ಲಿ ಇಂಚಿಂಚು ಸರಿಯುವಾಗಲೂ ಇದೇ ಕಥೆ, ಜೊತೆಗೆ ಎಡಮೊಣಕಾಲಿನ ನೋವು.

ಭಾರದ ಪಿಕಪ್ಪಿಗೆ ಹೆಸರಾದ ಅಮೆರಿಕದಲ್ಲಿ ನಡೆದದ್ದನ್ನು ನೋಡಿ. ಜನರಲ್ ಮೋಟರ್ಸ್ 2001ರಲ್ಲಿ ತನ್ನ ಡೀಸೆಲ್ ಪಿಕಪ್ಪುಗಳಿಗೆ ಆಲಿಸನ್ ಆಟೋಮ್ಯಾಟಿಕ್ ಕೊಟ್ಟಿತು. ಕೈಗೇರನ್ನು ಕೊನೆಯವರೆಗೆ ಉಳಿಸಿಕೊಂಡಿದ್ದ ರ್‍ಯಾಮ್ ಕೂಡ 2018ರ ಮಾದರಿಯೊಂದಿಗೆ ಅದನ್ನು ಬಿಟ್ಟಿತು. ಆ ಪಿಕಪ್ಪಿನ ಕಮಿನ್ಸ್ ಎಂಜಿನ್ನಿಗೆ ಕೈಗೇರು ಜೋಡಿಸಿದಾಗ ಟಾರ್ಕನ್ನು, ಅಂದರೆ ತಿರುಗಿಸುವ ಬಲವನ್ನು, ಸುಮಾರು 895 ನ್ಯೂಟನ್ ಮೀಟರಿಗೆ ತಗ್ಗಿಸಬೇಕಿತ್ತು. ಗಟ್ಟಿಮುಟ್ಟಾದ ಆಟೋಮ್ಯಾಟಿಕ್ಕಿನ ಜೊತೆ ಅದು 1,260ರ ಆಸುಪಾಸು. ಅಲ್ಲಿ ಕೈಗೇರು ಹಿಂದೆ ಸರಿಯಲು ಭಾರವೂ ಒಂದು ಕಾರಣ. ಇಂಥ ಆಟೋಮ್ಯಾಟಿಕ್ಕಿನ ಟಾರ್ಕ್ ಕನ್ವರ್ಟರಿನಲ್ಲಿ ಶಕ್ತಿ ಎಣ್ಣೆಯ ಮೂಲಕ ದಾಟುತ್ತದೆ. ಹೊರಡುವ ಗಳಿಗೆಯಲ್ಲಿ ಟಾರ್ಕ್ ಹಲವುಪಟ್ಟಲ್ಲದಿದ್ದರೂ ಗಣನೀಯವಾಗಿ ಹೆಚ್ಚುತ್ತದೆ, ಹೊರಡುವಾಗ ಜಾರಿ ಸುಡುವ ಕ್ಲಚ್ ಪ್ಲೇಟು ಅಲ್ಲಿಲ್ಲ.

ಇಲ್ಲೊಂದು ಗೊಂದಲ ಬಿಡಿಸಬೇಕು. ವೋಲ್ವೊ 2001ರಲ್ಲಿ ತಂದ ಐ-ಶಿಫ್ಟ್ ಮತ್ತು ಆನಂತರ ಭಾರತದ ಭಾರೀ ಲಾರಿಗಳಿಗೂ ಬಂದ ಎಎಂಟಿ ಒಳಗಿನಿಂದ ಕೈಗೇರೇ. ಕ್ಲಚ್ಚನ್ನು ಕಾಲಿನ ಬದಲು ಕಂಪ್ಯೂಟರ್ ಒತ್ತುತ್ತದೆ. ಹೆದ್ದಾರಿಯಲ್ಲಿ ಅದು ಡೀಸೆಲ್ ಉಳಿಸುತ್ತದೆ, ಚಾಲಕನ ಕಾಲನ್ನೂ ಉಳಿಸುತ್ತದೆ. ಕೆಸರಿನಲ್ಲಿ ತೆವಳುವಾಗ ಮಾತ್ರ ಅದರ ಪ್ಲೇಟೂ ಸುಡಬಲ್ಲದು. ಅಗ್ಗದ ಎಎಂಟಿಯನ್ನು ಭತ್ತದ ಗದ್ದೆಗೆ ಕಳಿಸಿ, ಅದು ಸೋತಾಗ ಆಟೋಮ್ಯಾಟಿಕ್ಕೇ ಸೋತಿತು ಎನ್ನುವುದು ಅನ್ಯಾಯ. ಟಾರ್ಕ್ ಕನ್ವರ್ಟರಿನಿಂದ ಮೈಲೇಜ್ ಬೀಳುತ್ತದೆ ಎಂಬ ಆಕ್ಷೇಪಕ್ಕೆ ಉತ್ತರವಿದೆ: ವೇಗ ಹಿಡಿದ ಮೇಲೆ ಲಾಕಪ್ ಕ್ಲಚ್ ಎಣ್ಣೆಯ ಜಾರುವಿಕೆಯನ್ನು ನಿಲ್ಲಿಸುತ್ತದೆ. ರಿಪೇರಿಗೆ ಜನರಿಲ್ಲ ಎಂಬುದು ಗಟ್ಟಿ ಆಕ್ಷೇಪ. ಆದರೆ 2020ರ ಏಪ್ರಿಲ್‌ನಲ್ಲಿ ಬಿಎಸ್-6 ಹೊಗೆ ನಿಯಮ ಬಂದಾಗಲೂ ಇದೇ ಮಾತು ಕೇಳಿಬಂತು. ಸ್ಕ್ಯಾನರ್ ಹಿಡಿಯುವುದನ್ನು ಸಣ್ಣ ಗ್ಯಾರೇಜುಗಳೂ ಕಲಿತವು. ಉಳಿಯುವುದು ಬೆಲೆ, ಅದನ್ನು ತಳ್ಳಿಹಾಕಲಾಗದು. ತಾನೇ ಓಡಿಸಿ ತಾನೇ ಕಂತು ಕಟ್ಟುವ ಮಾಲೀಕನಿಗೆ ಮೊದಲ ದಿನದ ಹೆಚ್ಚಿನ ಬೆಲೆ ಕಾಣುತ್ತದೆ. ವರ್ಷವರ್ಷದ ಪ್ಲೇಟಿನ ಖರ್ಚು, ಸುಗ್ಗಿಯಲ್ಲಿ ಗಾಡಿ ನಿಂತ ದಿನಗಳ ಬಾಡಿಗೆ ನಷ್ಟ ಯಾವ ಕೊಟೇಶನ್ನಿನಲ್ಲೂ ಇರುವುದಿಲ್ಲ.

ಈಗ ಸಿಗುವ ಗಾಡಿಗಳ ಸಾಲಿನಲ್ಲಿ ಕಾಣುವ ಖಾಲಿ ಜಾಗ ಇದೇ. ಟಾರ್ಕ್ ಕನ್ವರ್ಟರ್ ಇರುವ ಇಸುಜು ವಿ-ಕ್ರಾಸ್, ಟೊಯೊಟಾ ಹೈಲಕ್ಸ್ ನಮ್ಮಲ್ಲಿ ಸಿಗುತ್ತವೆ, ಆದರೆ ಅವು ಉಳ್ಳವರ ಸವಾರಿಗೆ. 2022ರ ಏಸ್ ಇವಿಯಲ್ಲಿ ಗೇರು ಬದಲಿಸುವ ಪ್ರಮೇಯವೇ ಇಲ್ಲ. ಅದು ಊರೊಳಗಿನ ಸಣ್ಣ ಲೋಡಿಗೆ ಹೊಂದುತ್ತದೆ. ಒಂದೂವರೆ, ಎರಡು ಟನ್ ಹೊತ್ತು ಗದ್ದೆಯಿಂದ ಗಿರಣಿಗೆ ಓಡುವ ಡೀಸೆಲ್ ಪಿಕಪ್ಪಿನ ಚಾಲಕ ಮಾತ್ರ ಇನ್ನೂ ಕ್ಲಚ್ಚಿನ ಮೇಲೆಯೇ ಕಾಲಿಟ್ಟು ಕೂತಿದ್ದಾನೆ. ಕೊಪ್ಪಳ ತಾಲ್ಲೂಕಿನ ಬೇವಿನಹಳ್ಳಿಯ ಕಿರ್ಲೋಸ್ಕರ್ ಫೆರಸ್‌ನಲ್ಲಿ ಟ್ರ್ಯಾಕ್ಟರುಗಳಿಗೆ ಬೇಕಾದ ಕವಚಗಳು ಎರಕವಾಗುತ್ತವೆ. ಹೊಸ ಗಾಡಿಯ ಭಾಗಗಳಿಗೆ ಬೇಕಾದ ಎರಕದ ಕೈಗಳು ಇಲ್ಲೇ ಇವೆ. ಹೊಸ ಪಿಕಪ್ ರೂಪಿಸುವವರು ಅದನ್ನು ಪರೀಕ್ಷಿಸಬೇಕಾದದ್ದು ಎಡದಂಡೆ ಕಾಲುವೆಯ ಏರಿಯ ಮೇಲೆ, ಡಿಸೆಂಬರಿನ ಸುಗ್ಗಿಯಲ್ಲಿ, ಚೀಲ ತುಂಬಿಸಿ.