ಅಂಚಿನಾಚೆ ಉಳಿದವರು

ಫೋಟೋ ಸುಳ್ಳು ಹೇಳೋದಿಲ್ಲ ಅಂತ ನಂಬಿದವರು ಕತ್ತರಿಯ ಬಗ್ಗೆ ಯೋಚಿಸಿದವರಲ್ಲ. ಮೊಳೆ ಜೋಡಿಸುತ್ತಿದ್ದ ಕಾಲದಲ್ಲಿ ಪತ್ರಿಕೆಗಳು ಫೋಟೋಗೆ ಬ್ಲಾಕು ಮಾಡಿಸಬೇಕಿತ್ತು. ಖರ್ಚು ಚದರ ಇಂಚಿನ ಲೆಕ್ಕ. ಅಂಚಿನಲ್ಲಿ ನಿಂತವರಿಗೆ ದುಡ್ಡು ಯಾಕೆ ದಂಡ? ಪೆನ್ಸಿಲಿನಲ್ಲಿ ಗೆರೆ ಎಳೆದರೆ ಮುಗೀತು. ಆದರೆ ಅಂಚಿನಲ್ಲಿ ಯಾರು ನಿಲ್ಲಬೇಕು ಅನ್ನೋದನ್ನ ಊರು ಮೊದಲೇ ತೀರ್ಮಾನಿಸಿತ್ತು.

ಶಿರಸಿಯ ಮಾರಿಕಾಂಬಾ ಜಾತ್ರೆಯನ್ನೇ ತೆಗೆದುಕೊಳ್ಳಿ. ಅಡ್ಡಕ್ಕೆ ತೆಗೆದ ಚಿತ್ರದಲ್ಲಿ ತೇರು, ಜನ, ಅಸಾದಿಗಳು ಎಲ್ಲರೂ ಇರಬಹುದು. ಎರಡೂ ಬದಿ ಕತ್ತರಿಸಿ ಉದ್ದಕ್ಕೆ ನಿಲ್ಲಿಸಿದರೆ ದೇವಿ ಮಾತ್ರ ಉಳಿಯುತ್ತಾಳೆ. ತೇರು ಇನ್ನೂ ಎತ್ತರ ಅನ್ನಿಸುತ್ತದೆ. ಸಂಯೋಜನೆ ಅಚ್ಚುಕಟ್ಟಾಯಿತು! ನೆನಪಿಗೂ ಇದೇ ಕತ್ತರಿ. 1934ರ ಹರಿಜನ ಪ್ರವಾಸದಲ್ಲಿ ಗಾಂಧೀಜಿ ಶಿರಸಿಗೆ ಬಂದದ್ದನ್ನೂ ಕೋಣದ ಬಲಿ ನಿಂತದ್ದನ್ನೂ ಎಲ್ಲರೂ ಹೇಳುತ್ತಾರೆ. ಬ್ರಾಹ್ಮಣ ಹೆಣ್ಣನ್ನು ಮದುವೆಯಾದ ಹೊಲೆಯ ಗಂಡೇ ಆ ಕೋಣ ಅನ್ನುವ ಮಾರಿಯ ಕತೆಯನ್ನು, ಅದರೊಳಗಿನ ಕೊಲೆಯನ್ನು ಮಾತ್ರ ಗೆರೆಯಾಚೆಗೆ ತಳ್ಳಲಾಗಿದೆ.

‘ಸಂಯೋಜನೆ’ ಜಾತಿ-ಬಣ್ಣ ಇಲ್ಲದ ಪದವಲ್ಲ. 2020ರ ಜನವರಿಯಲ್ಲಿ ದಾವೋಸ್‌ನಲ್ಲಿ ಅಸೋಸಿಯೇಟೆಡ್ ಪ್ರೆಸ್ ಐವರು ಪರಿಸರ ಹೋರಾಟಗಾರ್ತಿಯರ ಚಿತ್ರವನ್ನು ಕತ್ತರಿಸಿ ಕಳಿಸಿತು. ಮಾಯವಾದವಳು ಉಗಾಂಡಾದ ವನೆಸ್ಸಾ ನಕಾಟೆ. ಉಳಿದ ನಾಲ್ವರೂ ಬಿಳಿಯರು. ಹಿಂದಿದ್ದ ಕಟ್ಟಡ ಕಣ್ಣಿಗೆ ಅಡ್ಡ ಬರುತ್ತಿತ್ತು, ಸಂಯೋಜನೆಗಾಗಿ ಕತ್ತರಿಸಿದೆವು ಅಂತ ಸಬೂಬು ಕೊಟ್ಟರು. ಆಫ್ರಿಕಾ ಮೂಲದ ನಮ್ಮ ಯಲ್ಲಾಪುರದ ಸಿದ್ದಿಗಳಿಗೆ ಕತ್ತರಿ ತಿರುವುಮುರುವಾಗಿ ಬಂದಿದೆ. ಅವರ ಗುಂಗುರು ಕೂದಲು, ದಮಾಮಿ ಉಳಿಯುತ್ತವೆ. ತೋಟದ ಕೂಲಿ, ಪಟ್ಟಾ ಇಲ್ಲದ ಅತಿಕ್ರಮಣ ಜಮೀನು ಹೋಗುತ್ತವೆ. ಗೋವೆಯ ಪೋರ್ಚುಗೀಸರ ಗುಲಾಮಗಿರಿಯಿಂದ ಕಾಡಿಗೆ ಓಡಿಬಂದವರ ಸಂತತಿಯೂ ಇವರಲ್ಲಿದೆ. ಉತ್ತರ ಕನ್ನಡದ ಸಿದ್ದಿಗಳು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದ್ದು 2003ರಲ್ಲಿ. ಅಷ್ಟು ವರ್ಷ ಅವರ ಮುಖ ಬೇಕಿತ್ತು, ಹಕ್ಕು ಬೇಕಿರಲಿಲ್ಲ.

ಹಾಗಾದರೆ ಕತ್ತರಿಸಿದ್ದನ್ನು ಮತ್ತೆ ಅಂಟಿಸಿದರೆ ಸಾಕೇ? ಸಾಲದು. ಹತ್ತಿರದ್ದು ಎಷ್ಟು ದೊಡ್ಡದು, ದೂರದ್ದು ಎಷ್ಟು ಸಣ್ಣದು ಅನ್ನುವುದು ಕ್ಯಾಮೆರಾ ಎಲ್ಲಿ ನಿಂತಿತ್ತು ಅನ್ನುವುದರ ಮೇಲೆ ನಿಂತಿದೆ. ಕತ್ತರಿ ನಮ್ಮ ಕಣ್ಣಿನ ಅಂದಾಜು ಕೆಡಿಸಬಹುದು, ನಿಂತ ಜಾಗವನ್ನು ಬದಲಿಸಲಾರದು. 1868ರಿಂದ 1875ರವರೆಗೆ ಬ್ರಿಟಿಷರು ‘ದಿ ಪೀಪಲ್ ಆಫ್ ಇಂಡಿಯಾ’ ಎಂಬ ಎಂಟು ಸಂಪುಟಗಳನ್ನು ತಂದರು. ಅಲ್ಲಿ ಜಾತಿ-ಬುಡಕಟ್ಟುಗಳೆಲ್ಲ ಮಾದರಿಗಳಾಗಿ ನಿಂತಿವೆ. ಆ ಚಿತ್ರಗಳ ಅಂಚನ್ನು ಎಷ್ಟು ಹಿಗ್ಗಿಸಿದರೂ ನೋಡುವ ಕಣ್ಣು ದೊರೆಯದೇ.

ದಲಿತ ವಿಮರ್ಶೆ ಇಲ್ಲಿ ಎಚ್ಚರದಿಂದಿರಬೇಕು. ಬಿಟ್ಟುಹೋದವರನ್ನು ಹಳೇ ಚೌಕಟ್ಟಿನೊಳಗೆ ತುರುಕುವುದು ಅರ್ಧ ಕೆಲಸ. ಸಿದ್ದಾಪುರದ ಅಡಿಕೆ ತೋಟವನ್ನು ಒಡೆಯರ ಜಗುಲಿಯಿಂದ ತೆಗೆದರೆ ಕೊನೆಗೌಡ ಮರದ ತುದಿಯ ಒಂದು ಚುಕ್ಕೆ. ಅದೇ ಮರದ ತುದಿಯಿಂದ ಅವನೇ ತೆಗೆದರೆ ಜಗುಲಿ ಎಷ್ಟು ಸಣ್ಣದಾಗಿ ಕಾಣುತ್ತದೆ ಅನ್ನುವುದನ್ನು ನಮ್ಮ ಚರಿತ್ರೆ ಇನ್ನೂ ನೋಡಬೇಕಾಗಿದೆ.