ಸಿಪ್ಯಾಪ್ ಉಪಕರಣ: ಮನೆಬಳಕೆಯಲ್ಲಿ ಆಯ್ಕೆ, ಶುಚಿ, ಬದಲಾವಣೆ

ನಿದ್ದೆಯಲ್ಲಿ ಗಂಟಲಿನ ಸ್ನಾಯುಗಳು ಸಡಿಲಗೊಂಡು ಉಸಿರಿನ ದಾರಿ ಮತ್ತೆ ಮತ್ತೆ ಮುಚ್ಚಿಕೊಳ್ಳುವ ಕಾಯಿಲೆಯೇ ಸ್ಲೀಪ್ ಆಪ್ನಿಯಾ. ಗೊರಕೆ ಏರುತ್ತ ಹೋಗಿ ಥಟ್ಟನೆ ನಿಲ್ಲುತ್ತದೆ, ಹತ್ತು ಸೆಕೆಂಡೋ ಅದಕ್ಕೂ ಹೆಚ್ಚೋ ಉಸಿರೇ ಇರುವುದಿಲ್ಲ, ಆಮೇಲೆ ಏದುಸಿರಿನೊಡನೆ ನಿದ್ದೆ ಒಡೆಯುತ್ತದೆ. ಇಂಥ ಪೂರ್ಣ ಅಥವಾ ಅರೆ ತಡೆಗಳು ಗಂಟೆಗೆ 5ರಿಂದ 15 ಇದ್ದರೆ ಸೌಮ್ಯ, 30ರವರೆಗೆ ಮಧ್ಯಮ, ಅದನ್ನೂ ದಾಟಿದರೆ ತೀವ್ರ ಎಂದು ವೈದ್ಯರು ವಿಂಗಡಿಸುತ್ತಾರೆ. ಇದಕ್ಕೆ ಮನೆಯಲ್ಲಿ ಬಳಸುವ ಮುಖ್ಯ ಸಾಧನ ಸಿಪ್ಯಾಪ್. ಕೋಣೆಯ ಗಾಳಿಯನ್ನೇ ಎಳೆದು, ಸೋಸಿ, ಪೈಪು ಮತ್ತು ಮಾಸ್ಕಿನ ಮೂಲಕ ಎಡೆಬಿಡದೆ ಒತ್ತಡದಲ್ಲಿ ಊದುವ ಪೆಟ್ಟಿಗೆ ಅದು. ಅದು ಆಮ್ಲಜನಕ ಕೊಡುವ ಯಂತ್ರವೆಂದು ಹಲವರು ತಿಳಿಯುವುದುಂಟು, ಹಾಗಲ್ಲ. ಗಾಳಿಯ ಒತ್ತಡವೇ ಒಳಗಿನಿಂದ ಗಂಟಲಿಗೆ ಊರೆಗೋಲಾಗುತ್ತದೆ. ಸಿಡ್ನಿಯ ವೈದ್ಯ ಕಾಲಿನ್ ಸಲ್ಲಿವನ್ ಮತ್ತು ಸಂಗಡಿಗರು 1981ರಲ್ಲಿ ‘ದಿ ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಇದನ್ನು ಮೊದಲು ವಿವರಿಸಿದರು. ತೀವ್ರ ಕಾಯಿಲೆಯ ಐವರಲ್ಲಿ 4.5ರಿಂದ 10 ಸೆಂಟಿಮೀಟರ್ ನೀರಿನ ಒತ್ತಡದಷ್ಟು ಗಾಳಿ ಗಂಟಲು ಮುಚ್ಚದಂತೆ ತಡೆದಿತ್ತು. ಇಂದಿನ ಯಂತ್ರಗಳು ಸಾಮಾನ್ಯವಾಗಿ 4ರಿಂದ 20ರವರೆಗೆ ಊದಬಲ್ಲವು.

ಕೊಳ್ಳುವವರು ತಲೆ ಕೆಡಿಸಿಕೊಳ್ಳುವುದು ಹೆಚ್ಚಾಗಿ ಪೆಟ್ಟಿಗೆಯ ಬಗ್ಗೆ: ಯಾವ ಕಂಪನಿ, ಒತ್ತಡವನ್ನು ತಾನೇ ಹೊಂದಿಸಿಕೊಳ್ಳುತ್ತದೆಯೇ, ಸದ್ದು ಎಷ್ಟು, ಬೆಲೆ ಎಷ್ಟು. ಆದರೆ ಚಿಕಿತ್ಸೆ ನಿಲ್ಲುವುದು ಅಥವಾ ಬೀಳುವುದು ಮುಖಕ್ಕೆ ತಾಗುವ ಬೆರಳೆಣಿಕೆ ಗ್ರಾಂ ತೂಕದ ಸಿಲಿಕೋನ್ ಮೆತ್ತೆಯಲ್ಲಿ. 2016ರಲ್ಲಿ ಪ್ರಕಟವಾದ ‘ಸೇವ್’ ಅಧ್ಯಯನವನ್ನು ಈ ಮಾತಿಗೆ ಸಾಕ್ಷಿಯಾಗಿ ಓದಬಹುದು. ಭಾರತವೂ ಸೇರಿ ಏಳು ದೇಶಗಳ, ಹೃದಯ ಅಥವಾ ಮಿದುಳಿನ ರಕ್ತನಾಳದ ಕಾಯಿಲೆಯೂ ಇದ್ದ 2,717 ಜನ ಅದರಲ್ಲಿದ್ದರು. ಸಿಪ್ಯಾಪ್ ಹಾಕಿಕೊಂಡಾಗ ಗಂಟೆಗೆ 29 ಇದ್ದ ತಡೆಗಳು 3.7ಕ್ಕೆ ಇಳಿದವು, ಅಂದರೆ ಯಂತ್ರ ತನ್ನ ಕೆಲಸ ಮಾಡಿತು. ಹಗಲಿನ ತೂಕಡಿಕೆಯೂ ಕಡಿಮೆಯಾಯಿತು. ಆದರೆ ಹೃದಯಾಘಾತ, ಪಾರ್ಶ್ವವಾಯುಗಳ ಪ್ರಮಾಣ ಇಳಿಯಲಿಲ್ಲ. ಸರಾಸರಿ ಬಳಕೆ ರಾತ್ರಿಗೆ 3.3 ಗಂಟೆ ಮಾತ್ರ. ಅವರಿಗೆ ಹಗಲು ಅಷ್ಟೇನೂ ತೂಕಡಿಕೆ ಇರಲಿಲ್ಲ, ಹಾಗಾಗಿ ಹಾಕಿಕೊಳ್ಳುವ ಹುಮ್ಮಸ್ಸು ಕಡಿಮೆ, ಮಾಸ್ಕನ್ನು ದೂರುವುದೇಕೆ ಎಂದು ಕೇಳಬಹುದು. ಪ್ರಶ್ನೆಯಲ್ಲಿ ಹುರುಳಿದೆ, ಗಂಟೆಗಳು ಕಡಿಮೆಯಾದದ್ದಕ್ಕೆ ಕಾರಣ ಒಂದೇ ಎನ್ನಲಾಗದು. ಆದರೂ ನಡುರಾತ್ರಿ ಮಾಸ್ಕನ್ನು ಕಿತ್ತು ಪಕ್ಕಕ್ಕಿಡುವಂತೆ ಮಾಡುವುದು ಕಣ್ಣಿಗೆ ನುಗ್ಗುವ ಗಾಳಿ, ಒಣಗಿದ ಬಾಯಿ, ಮೂಗಿನ ಸೇತುವೆಯ ಮೇಲಿನ ಗಾಯ. ಹುಮ್ಮಸ್ಸು ಎಷ್ಟೇ ಇರಲಿ ಇಲ್ಲದಿರಲಿ, ಮನೆಯಲ್ಲೇ ಸರಿಪಡಿಸಬಹುದಾದವು ಇವೇ.

ಹಾಗಾಗಿ ಆಯ್ಕೆ ಶುರುವಾಗಬೇಕಾದದ್ದು ಮಾಸ್ಕಿನಿಂದ. ಮೂಗಿನ ಹೊಳ್ಳೆಗಷ್ಟೇ ಕೂರುವುದು, ಮೂಗನ್ನು ಮುಚ್ಚುವುದು, ಮೂಗು ಬಾಯಿ ಎರಡನ್ನೂ ಮುಚ್ಚುವುದು ಎಂದು ಮೂರು ಬಗೆ. ಬಾಯಿ ತೆರೆದು ಮಲಗುತ್ತೇನೆ ಎಂದವರಿಗೆಲ್ಲ ದೊಡ್ಡ ಮಾಸ್ಕನ್ನೇ ಕೊಡುವ ರೂಢಿ ಅಷ್ಟು ಸರಿಯಲ್ಲ. ಹಲವು ಹೋಲಿಕೆಗಳಲ್ಲಿ ಅದಕ್ಕೆ ಹೆಚ್ಚು ಒತ್ತಡ ಬೇಕಾಗಿದೆ, ಸೋರಿಕೆ ಹೆಚ್ಚಿದೆ, ಬಳಕೆ ಕಡಿಮೆಯಾಗಿದೆ. ಮೂಗು ಕಟ್ಟಿದ್ದರೆ ಮೊದಲು ಅದಕ್ಕೆ ಚಿಕಿತ್ಸೆ ಮಾಡಿಸಿ, ಮೂಗಿನ ಮಾಸ್ಕನ್ನೇ ಪ್ರಯತ್ನಿಸುವುದು ಒಳ್ಳೆಯದು. ಅಂಗಡಿಯಲ್ಲಿ ನಿಂತು ಅಳತೆ ನೋಡಿದರೆ ಸಾಲದು. ಮಲಗಿ, ಯಂತ್ರ ಓಡಿಸಿ, ಮಗ್ಗುಲು ಬದಲಿಸಿ ನೋಡಬೇಕು, ಏಕೆಂದರೆ ಮಲಗಿದಾಗ ಕೆನ್ನೆಯ ಆಕಾರವೇ ಬೇರೆಯಾಗುತ್ತದೆ. ದಪ್ಪ ಮೀಸೆ, ಗಡ್ಡ ಇರುವವರಿಗೆ ಹೊಳ್ಳೆಗೆ ಕೂರುವ ಬಗೆ ಸುಲಭ. ಮಾಸ್ಕಿನಲ್ಲಿ ಬಿಟ್ಟ ಗಾಳಿ ಹೊರಹೋಗಲು ಸಣ್ಣ ರಂಧ್ರಗಳಿರುತ್ತವೆ. ಅವನ್ನು ಸೋರಿಕೆಯೆಂದು ತಿಳಿದು ಟೇಪು ಹಚ್ಚುವುದು ಅಪಾಯ. ಆಸ್ಪತ್ರೆಯ ಕೆಲವು ಮಾಸ್ಕುಗಳಲ್ಲಿ ಈ ರಂಧ್ರಗಳೇ ಇರುವುದಿಲ್ಲ, ಅವು ಮನೆಯ ಸಿಪ್ಯಾಪಿಗೆ ಕೂಡದು. ಪಟ್ಟಿಗೆ ಅಯಸ್ಕಾಂತದ ಕೊಂಡಿಯಿರುವ ಮಾಸ್ಕುಗಳನ್ನು ಪೇಸ್‌ಮೇಕರ್‌ನಂಥ ಸಾಧನ ಅಳವಡಿಸಿಕೊಂಡವರು ಬಳಸಬಾರದು. ಅವರ ಪಕ್ಕದಲ್ಲಿ ಮಲಗುವವರಿಗೂ ಇದೇ ಮಾತು. ಇನ್ನು ಪೆಟ್ಟಿಗೆಯ ವಿಷಯದಲ್ಲಿ ಸ್ಥಿರ ಒತ್ತಡವೋ ತಾನೇ ಹೊಂದಿಸಿಕೊಳ್ಳುವುದೋ ಉಸಿರು ಎಳೆಯುವಾಗ, ಬಿಡುವಾಗ ಬೇರೆ ಬೇರೆ ಒತ್ತಡ ಕೊಡುವ ಬೈಪ್ಯಾಪೋ ಎಂಬುದನ್ನು ನಿದ್ರಾ ಪರೀಕ್ಷೆಯ ವರದಿ ನೋಡಿದ ವೈದ್ಯರು ಹೇಳಬೇಕು. ಬಳಸುವವರು ಕೇಳಬೇಕಾದ್ದು, ಸೋರಿಕೆಯನ್ನೂ ಉಳಿದ ತಡೆಗಳ ಸಂಖ್ಯೆಯನ್ನೂ ಅದು ತೋರಿಸುತ್ತದೆಯೇ ಎಂಬುದನ್ನು.

ಶುಚಿಯ ಮಾತು ಬಂದಾಗ ಎಲ್ಲರ ಕಣ್ಣೂ ಕ್ರಿಮಿಗಳ ಮೇಲೆ. ಆದರೆ ದಿನವೂ ಮಾಸ್ಕನ್ನು ಕೆಡಿಸುವುದು ಮುಖದ ಜಿಡ್ಡು. ಎಣ್ಣೆ ಹತ್ತಿದ ಸಿಲಿಕೋನ್ ಜಾರುತ್ತದೆ, ಜಾರಿದ್ದನ್ನು ಹಿಡಿಯಲು ಪಟ್ಟಿ ಬಿಗಿಯುತ್ತಾರೆ, ಬಿಗಿದ ಪಟ್ಟಿ ಗಾಯ ಮಾಡುತ್ತದೆ. ತಲೆಗೆ ಎಣ್ಣೆ ಹಚ್ಚಿ ಮಲಗುವ ಮನೆಗಳಲ್ಲಿ ಇದು ಇನ್ನೂ ಬೇಗ. ಮಲಗುವ ಮುನ್ನ ಮುಖ ತೊಳೆಯುವುದು, ಬೆಳಗ್ಗೆ ಮೆತ್ತೆಯನ್ನು ಉಗುರುಬೆಚ್ಚಗಿನ ನೀರು ಮತ್ತು ವಾಸನೆಯಿಲ್ಲದ ಸೌಮ್ಯ ಸೋಪಿನಿಂದ ತೊಳೆಯುವುದು, ಪೈಪು, ಪಟ್ಟಿ, ಗಾಳಿಗೆ ಪಸೆ ಕೊಡುವ ನೀರಿನ ತೊಟ್ಟಿಗಳನ್ನು ವಾರಕ್ಕೊಮ್ಮೆ ತೊಳೆಯುವುದು, ಇಷ್ಟು ಸಾಕು. ಬ್ಲೀಚು, ಸ್ಪಿರಿಟ್, ವಾಸನೆಯ ನಂಜುನಾಶಕಗಳು ಸಿಲಿಕೋನನ್ನು ಕೆಡಿಸುತ್ತವೆ, ಮತ್ತು ಅವುಗಳ ಆವಿಯನ್ನು ರಾತ್ರಿಯಿಡೀ ಉಸಿರಾಡಬೇಕಾಗುತ್ತದೆ. ಬಿಸಿಲಿಗೆ ಹಾಕಿದರೆ ಎಲ್ಲ ಶುದ್ಧ ಎಂಬ ನಮ್ಮ ನಂಬಿಕೆ ಹಪ್ಪಳಕ್ಕೂ ಹಾಸಿಗೆಗೂ ಸರಿ. ಸಿಪ್ಯಾಪ್ ಪೈಪು ಬಿಸಿಲಿಗೆ ಪೆಡಸಾಗಿ ಬಿರುಕು ಬಿಡುತ್ತದೆ. ನೆರಳಲ್ಲಿ ನೇತುಹಾಕಬೇಕು.

ನೀರಿನ ತೊಟ್ಟಿಗೆ ಡಿಸ್ಟಿಲ್ಡ್ ನೀರು ಎನ್ನುವುದು ನಿಯಮ. ಕೋಲಾರದಂಥ ಬೋರ್‌ವೆಲ್ ಸೀಮೆಯ ಗಡಸು ನೀರು ಕೆಲವೇ ದಿನಗಳಲ್ಲಿ ತಳಕ್ಕೆ ಬಿಳಿ ಪೊರೆ ಕಟ್ಟುತ್ತದೆ. ಕಾಯಿಸಿದ ನೀರು ಆಗದೇ? ಕಾಯಿಸಿದರೆ ಕ್ರಿಮಿ ಸಾಯುತ್ತದೆ, ಲವಣ ಹೋಗುವುದಿಲ್ಲ. ಆರ್‌ಓ ಯಂತ್ರ ಲವಣ ತಗ್ಗಿಸುತ್ತದೆ, ಪೂರ್ತಿ ತೆಗೆಯುವುದಿಲ್ಲ. ಡಿಸ್ಟಿಲ್ಡ್ ನೀರು ಸಿಗದ ದಿನ ಆರ್‌ಓ ನೀರನ್ನು ಕಾಯಿಸಿ ಆರಿಸಿ ಹಾಕಬಹುದು. ಪೊರೆ ಕಂಡಾಗ ನೀರು ಬೆರೆಸಿದ ಬಿಳಿ ವಿನೆಗರ್‌ನಲ್ಲಿ ನೆನೆಸಿ ಚೆನ್ನಾಗಿ ಜಾಲಿಸಬೇಕು. ಇನ್ವರ್ಟರ್ ಬ್ಯಾಟರಿಗೆಂದು ಮಾರುವ ನೀರು ಉಸಿರಿಗಾಗಿ ತಯಾರಾದದ್ದಲ್ಲ, ಅದನ್ನು ಬಿಡುವುದೇ ಮೇಲು. ಯಾವ ನೀರಾದರೂ ಬೆಳಗ್ಗೆ ಚೆಲ್ಲಿ ತೊಟ್ಟಿ ಒಣಗಿಸಬೇಕು. ನಿಂತ ನೀರಿನಲ್ಲೇ ಲೋಳೆ ಕಟ್ಟುವುದು. ಕರಾವಳಿಯ ಮಳೆಗಾಲದಲ್ಲಂತೂ ಗಾಳಿಯಲ್ಲೇ ಸಾಕಷ್ಟು ಪಸೆ ಇರುವುದರಿಂದ ಹಲವರಿಗೆ ತೊಟ್ಟಿಯೇ ಬೇಕಾಗುವುದಿಲ್ಲ. ಎಸಿ ಹಾಕಿದ ಕೋಣೆಯಲ್ಲಿ ತಣ್ಣಗಾದ ಪೈಪಿನೊಳಗೆ ಹನಿ ಕಟ್ಟಿ ಮೂಗಿಗೆ ಇಳಿಯುವುದೂ ಉಂಟು.

ಸೋಪು ನೀರು ಕ್ರಿಮಿಯನ್ನೆಲ್ಲ ಕೊಲ್ಲುವುದಿಲ್ಲವಲ್ಲ ಎಂಬ ಆಕ್ಷೇಪದ ಮೇಲೆ ಒಂದು ವ್ಯಾಪಾರವೇ ನಿಂತಿದೆ. ಓಝೋನ್ ಅನಿಲ ಅಥವಾ ಅತಿನೇರಳೆ ಬೆಳಕಿನಿಂದ ಶುದ್ಧಿ ಮಾಡುವ ಪೆಟ್ಟಿಗೆಗಳು ಅದರ ಸರಕು. ಕ್ರಿಮಿ ಪೂರ್ತಿ ಸಾಯುವುದಿಲ್ಲ ಎಂಬುದು ನಿಜ. ಆದರೆ ಒಬ್ಬರೇ ಬಳಸುವ, ದಿನವೂ ತೊಳೆದು ಒಣಗಿಸುವ ಮಾಸ್ಕು ಊಟದ ತಟ್ಟೆಯಂತೆ ಸ್ವಚ್ಛವಾಗಿದ್ದರೆ ಸಾಕು. ಶಸ್ತ್ರಚಿಕಿತ್ಸೆಯ ಕತ್ತರಿಯಂತೆ ಕ್ರಿಮಿರಹಿತವಾಗಬೇಕಿಲ್ಲ. ರೋಗನಿರೋಧಕ ಶಕ್ತಿ ಕುಂದಿದವರು ವೈದ್ಯರನ್ನು ಕೇಳಿ ಹೆಚ್ಚಿನ ಎಚ್ಚರ ವಹಿಸಲಿ. ಓಝೋನಿನ ತೊಡಕು ಬೇರೆಯೇ: ಕ್ರಿಮಿ ಕೊಲ್ಲಲು ಬೇಕಾಗುವ ಅದರ ಪ್ರಮಾಣ ಮನುಷ್ಯನಿಗೆ ಸುರಕ್ಷಿತವಾದದ್ದಕ್ಕಿಂತ ಬಹಳ ಹೆಚ್ಚು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2020ರ ಫೆಬ್ರವರಿಯಲ್ಲಿ ಈ ಪೆಟ್ಟಿಗೆಗಳ ವಿರುದ್ಧ ಎಚ್ಚರಿಸಿತು. ಮರುವರ್ಷ ಜೂನ್‌ನಲ್ಲಿ ಫಿಲಿಪ್ಸ್ ಕಂಪನಿ ತನ್ನ ಯಂತ್ರಗಳನ್ನು ಹಿಂದಕ್ಕೆ ಕರೆಯಿತು. ಸದ್ದಡಗಿಸಲು ಒಳಗಿಟ್ಟಿದ್ದ ಪಾಲಿಯುರೆಥೇನ್ ಸ್ಪಂಜು ಪುಡಿಯಾಗಿ ಗಾಳಿಯೊಡನೆ ಸೇರುವ ಅಪಾಯ ಕಂಡಿತ್ತು, ಓಝೋನ್ ಶುದ್ಧಿಯಿಂದ ಅದು ಇನ್ನೂ ಬೇಗ ಕೆಡಬಹುದೆಂದು ಕಂಪನಿಯೇ ಹೇಳಿತು. ಜಗತ್ತಿನಾದ್ಯಂತ ಸುಮಾರು 55 ಲಕ್ಷ ಯಂತ್ರಗಳು ಇದರಲ್ಲಿ ಸೇರಿದ್ದವು.

ಯಾವ ಭಾಗವನ್ನು ಎಂದು ಬದಲಿಸಬೇಕು ಎಂಬುದಕ್ಕೆ ಓಡಾಡುವ ಪಟ್ಟಿಗಳಲ್ಲಿ ಹೆಚ್ಚಿನವು ಅಮೆರಿಕದ ಮೆಡಿಕೇರ್ ವಿಮೆಯವು: ಮೂಗಿನ ಮೆತ್ತೆ ತಿಂಗಳಿಗೆ ಎರಡು, ಪೈಪು ಮೂರು ತಿಂಗಳಿಗೊಂದು, ತಲೆಪಟ್ಟಿ ಮತ್ತು ತೊಟ್ಟಿ ಆರು ತಿಂಗಳಿಗೊಂದು. ಇದು ವಿಮೆ ಹಣ ಕೊಡುವ ಗರಿಷ್ಠ ಮಿತಿ, ವಸ್ತುವಿನ ಆಯುಷ್ಯವಲ್ಲ. ಕೈಯಿಂದ ಹಣ ಹಾಕುವ ನಮ್ಮವರು ಅದನ್ನೇ ಆಯುಷ್ಯವೆಂದು ತಿಳಿದರೆ ಎರಡು ತಪ್ಪುಗಳಲ್ಲೊಂದು ಖಚಿತ: ಸರಿಯಿರುವ ಮೆತ್ತೆಯನ್ನು ಎಸೆಯುತ್ತಾರೆ, ಇಲ್ಲವೇ ಖರ್ಚಿಗೆ ಹೆದರಿ ಏನನ್ನೂ ಬದಲಿಸದೆ ವರ್ಷಗಟ್ಟಲೆ ಸೋರುವ ಮಾಸ್ಕಿನಲ್ಲಿ ಮಲಗುತ್ತಾರೆ. ಯಂತ್ರದ ಪರದೆಯನ್ನೇ ನೋಡುವುದು ಲೇಸು. ಉದಾಹರಣೆಗೆ ರೆಸ್‌ಮೆಡ್ ಕಂಪನಿಯ ಯಂತ್ರಗಳು ನಿಮಿಷಕ್ಕೆ 24 ಲೀಟರ್ ದಾಟಿದ ಸೋರಿಕೆಯನ್ನು ಹೆಚ್ಚೆಂದು ಗುರುತಿಸುತ್ತವೆ. ತೊಳೆದು, ಪಟ್ಟಿ ಸರಿಪಡಿಸಿದ ಮೇಲೂ ಸೋರಿಕೆ ವಾರವಿಡೀ ಏರಿಯೇ ಇದ್ದರೆ ಮೆತ್ತೆ ಮುಗಿದಿರಬಹುದು. ವಯಸ್ಸಾದವರು ಇದನ್ನೆಲ್ಲ ಓದಬಲ್ಲರೇ, ದಿನಾಂಕದ ಲೆಕ್ಕವೇ ಸುಲಭವಲ್ಲವೇ ಎನ್ನಬಹುದು. ಫಿಲ್ಟರಿನ ಮಟ್ಟಿಗೆ ಅದು ಒಪ್ಪತಕ್ಕ ಮಾತು. ಅದು ಸದ್ದಿಲ್ಲದೆ ಕಟ್ಟಿಕೊಳ್ಳುತ್ತದೆ, ದೂಳಿನ ಊರಿನಲ್ಲಿ ತಿಂಗಳಿಗೊಮ್ಮೆ ಬದಲಿಸುವುದೇ ವಾಸಿ. ಸೊಳ್ಳೆಬತ್ತಿ, ಊದುಬತ್ತಿಗಳ ವಾಸನೆಯನ್ನಂತೂ ಯಾವ ಫಿಲ್ಟರೂ ತಡೆಯದು, ಅವು ಯಂತ್ರದಿಂದ ದೂರವಿರಲಿ. ಉಳಿದ ಭಾಗಗಳ ಸವಕಳಿಗೆ ಪರದೆ ಓದಬೇಕೆಂದಿಲ್ಲ: ಹಳದಿಯಾದ, ಬಿರುಸಾದ, ಅಂಚು ಹರಿದ ಮೆತ್ತೆ, ಎಳೆದಷ್ಟೂ ಹಿಗ್ಗುವ ಪಟ್ಟಿ, ಬಿರುಕು ಬಿಟ್ಟ ತೊಟ್ಟಿ ಮನೆಯವರ ಕಣ್ಣಿಗೇ ಕಾಣುತ್ತವೆ.

ಪೆಟ್ಟಿಗೆಯ ಆಯುಷ್ಯವನ್ನು ಸಾಮಾನ್ಯವಾಗಿ ಐದು ವರ್ಷವೆಂದು ಎಣಿಸುತ್ತಾರೆ. ಸದ್ದು ಬದಲಾದರೆ, ಸುಟ್ಟ ವಾಸನೆ ಬಂದರೆ, ಪೈಪಿನಲ್ಲಿ ಕಪ್ಪು ಪುಡಿ ಕಂಡರೆ ಅಷ್ಟು ದಿನ ಕಾಯುವಂತಿಲ್ಲ. ಹಳೆಯ ಯಂತ್ರ ಕೊಳ್ಳುವವರು ಅದು ಓಡಿದ ಗಂಟೆಗಳ ಲೆಕ್ಕವನ್ನು ನೋಡಬೇಕು, ಕ್ರಮಸಂಖ್ಯೆ ಹಿಂದಕ್ಕೆ ಕರೆದವುಗಳ ಪಟ್ಟಿಯಲ್ಲಿದೆಯೇ ಎಂದು ವಿಚಾರಿಸಬೇಕು. ಮಾಸ್ಕು, ಪೈಪು, ತೊಟ್ಟಿ, ಫಿಲ್ಟರುಗಳನ್ನು ಹೊಸದಾಗಿಯೇ ಕೊಳ್ಳಬೇಕು. ಯಂತ್ರದಲ್ಲಿರುವುದು ಹಿಂದಿನವರ ಗಂಟಲಿಗೆ ಹೊಂದಿಸಿದ ಒತ್ತಡ, ಆದ್ದರಿಂದ ಮೊದಲ ರಾತ್ರಿಗೆ ಮುಂಚೆಯೇ ವೈದ್ಯರಿಂದ ಅದನ್ನು ಬದಲಿಸಿಕೊಳ್ಳಬೇಕು.