ವಿಳಾಸಕ್ಕೆ ಇಲ್ಲದ ಗಡಿ, ಅಕ್ಷರಕ್ಕಿದ್ದ ಗಡಿ: ಗಡಿನಾಡ ಕನ್ನಡ ಮತ್ತು ಮೇಜಿನ ಗಣಕದ ಮೊದಲ ದಶಕ

ಚಂದ್ರಗಿರಿ ಹೊಳೆಯ ಉತ್ತರಕ್ಕಿರುವ ಒಂದು ಹಳ್ಳಿಯಲ್ಲಿ ನಿವೃತ್ತ ಕನ್ನಡ ಮಾಸ್ತರರೊಬ್ಬರು ಬಿಸ್ಕತ್ತಿನ ಹಳೆಯ ಡಬ್ಬಿಯೊಂದನ್ನು ನನ್ನ ಮುಂದಿಟ್ಟರು. ಅದರಲ್ಲಿ ಏಳು ಫ್ಲಾಪಿಗಳೂ ಮಡಚಿಟ್ಟ ಕೆಲವು ಮುದ್ರಿತ ಹಾಳೆಗಳೂ ಇದ್ದವು. ಇಪ್ಪತ್ತೊಂದನೆಯ ಶತಮಾನದ ಆರಂಭದ ವರ್ಷಗಳಲ್ಲಿ ಅವರು ಬರೆದ ಪತ್ರಗಳು, ಅರ್ಜಿಗಳು, ಸಂಘದ ಸಭೆಯ ವರದಿಗಳು ಅವು. ಏಳರಲ್ಲಿ ಎರಡು ಫ್ಲಾಪಿಗಳು ಮಾತ್ರ ತೆರೆದುಕೊಂಡವು. ತೆರೆದಾಗ ಪರದೆಯ ಮೇಲೆ ಕಂಡದ್ದು ಕನ್ನಡವಲ್ಲ. ರೋಮನ್ ಅಕ್ಷರಗಳೂ ಯುರೋಪಿನ ಭಾಷೆಗಳ ಸ್ವರಚಿಹ್ನೆಗಳೂ ಕಲಸಿಹೋದ ಸಾಲುಗಳು. ಮಾಸ್ತರರು ಕನ್ನಡಕ ಸರಿಪಡಿಸಿಕೊಂಡು ನೋಡಿ, "ಬರೆದದ್ದು ನಾನೇ ಮಾರಾಯ್ತಿ, ಆದರೆ ಓದಲಿಕ್ಕೆ ನನಗೇ ಬರುವುದಿಲ್ಲ" ಎಂದರು.

ಆ ಮಾತಿನಿಂದ ಈ ಬರಹ ಹುಟ್ಟಿತು. ಇ-ಮೇಲ್, ಜಾಲತಾಣ ಮತ್ತು ಚಾಟ್ ಎಂಬ ಮೂರು ಹೊಸ ಅಭ್ಯಾಸಗಳು ನಮ್ಮ ಮನೆಗಳಿಗೆ ಬಂದ ಕಾಲವನ್ನು ಸಾಮಾನ್ಯವಾಗಿ ತಂತ್ರಜ್ಞಾನದ ಇತಿಹಾಸವಾಗಿ ಬರೆಯಲಾಗುತ್ತದೆ. ಗಡಿನಾಡ ಕನ್ನಡಿಗರಿಗೆ ಅದು ಮೊದಲಿಗೆ ಲಿಪಿಯ ಇತಿಹಾಸವಾಗಿತ್ತು. ಯಂತ್ರವನ್ನು ಬಳಸಲು ಕಲಿಯುವುದು ಮತ್ತು ಆ ಯಂತ್ರದಲ್ಲಿ ಕನ್ನಡವನ್ನು ಉಳಿಸಿಕೊಳ್ಳುವುದು ಅವರಿಗೆ ಎರಡು ಬೇರೆ ಬೇರೆ ಕೆಲಸಗಳಾಗಿದ್ದವು.

ಅಚ್ಚಿನ ಮೊಳೆಯನ್ನು ಅರಸಿಕೊಂಡು ಬರಹ ಊರು ಬದಲಾಯಿಸುವುದು ಕನ್ನಡಕ್ಕೆ ಹೊಸದಲ್ಲ. 1843ರ ಜುಲೈ 1ರಂದು ಹರ್ಮನ್ ಮೊಗ್ಲಿಂಗ್ ಮಂಗಳೂರಿನಲ್ಲಿ 'ಮಂಗಳೂರ ಸಮಾಚಾರ'ವನ್ನು ಆರಂಭಿಸಿದಾಗ ಅದು ಕಲ್ಲಚ್ಚಿನಲ್ಲಿ ಮುದ್ರಣಗೊಳ್ಳುತ್ತಿತ್ತು. ಮರುವರ್ಷ ಪತ್ರಿಕೆ ಬಳ್ಳಾರಿಗೆ ಹೋಗಿ 'ಕನ್ನಡ ಸಮಾಚಾರ'ವಾಯಿತು; ಮೊಳೆಯಚ್ಚಿನ ಅನುಕೂಲವಿದ್ದುದು ಅಲ್ಲಿ. ಓದುಗರು ಎಲ್ಲಿದ್ದಾರೆ ಎಂಬ ಪ್ರಶ್ನೆಯಷ್ಟೇ ಮುಖ್ಯವಾಗಿ ಅಕ್ಷರ ಎಲ್ಲಿದೆ ಎಂಬ ಪ್ರಶ್ನೆಯೂ ಪತ್ರಿಕೆಯ ದಾರಿಯನ್ನು ನಿರ್ಧರಿಸಿತು. ಒಂದೂವರೆ ಶತಮಾನದ ಬಳಿಕ ಅದೇ ಪ್ರಶ್ನೆ ಫಾಂಟ್ ಎಂಬ ಹೆಸರಿನಲ್ಲಿ ಮರಳಿ ಬಂತು.

ಭಾರತದಲ್ಲಿ ಸಾರ್ವಜನಿಕರಿಗೆ ಅಂತರ್ಜಾಲ ದೊರೆತದ್ದು 1995ರ ಆಗಸ್ಟ್ 15ರಂದು, ವಿದೇಶ ಸಂಚಾರ ನಿಗಮದ ಮೂಲಕ. ಆರಂಭದ ಸೌಲಭ್ಯ ಮಹಾನಗರಗಳದ್ದು. ದೂರದ ಊರಿನವರು ಮೋಡೆಮ್ ಜೋಡಿಸಿ ಎಸ್‌ಟಿಡಿ ಕರೆಯ ಮೂಲಕ ಆ ನಗರಗಳನ್ನು ತಲುಪಬೇಕಿತ್ತು. ಕಾಸರಗೋಡಿನಿಂದ ಮಂಗಳೂರಿಗೆ ಸುಮಾರು 50 ಕಿಲೋಮೀಟರ್ ಅಷ್ಟೆ. ಆದರೆ ದೂರವಾಣಿಯ ಆಡಳಿತದಲ್ಲಿ ಕಾಸರಗೋಡು ಕೇರಳ ವೃತ್ತಕ್ಕೆ ಸೇರಿದ್ದು. 1956ರ ನವೆಂಬರ್ 1ರಂದು ಎಳೆದ ಗೆರೆ ತಂತಿಗಳ ಮೇಲೂ ಹಾದುಹೋಗಿತ್ತು.

ಇಂತಹ ಹಿನ್ನೆಲೆಯಲ್ಲಿ ಇ-ಮೇಲ್ ವಿಳಾಸವೆಂಬುದು ವಿಚಿತ್ರವಾದ ಬಿಡುಗಡೆಯಂತೆ ಕಂಡಿತು. ಅಂಚೆಯ ಲಕೋಟೆಯಲ್ಲಿ ಊರು, ಜಿಲ್ಲೆ, ರಾಜ್ಯ ಬರೆಯಬೇಕು. 1972ರಿಂದ ಪಿನ್ ಸಂಖ್ಯೆಯೂ ಸೇರಿತು. 671ರಿಂದ ತೊಡಗುವ ಸಂಖ್ಯೆ ಕಂಡೊಡನೆ ಪತ್ರ ಕೇರಳದ ಉತ್ತರದ ತುದಿಯದೆಂದು ತಿಳಿಯುತ್ತದೆ. 575 ಎಂದಿದ್ದರೆ ಮಂಗಳೂರಿನದು. ರೇ ಟಾಮ್ಲಿನ್ಸನ್ 1971ರಲ್ಲಿ ರೂಪಿಸಿದ ಕ್ರಮದಲ್ಲಿ ವ್ಯಕ್ತಿಯ ಹೆಸರು, ನಡುವೆ 'ಅಟ್' ಚಿಹ್ನೆ, ಬಳಿಕ ಪತ್ರ ಬಂದು ನಿಲ್ಲುವ ಗಣಕದ ಹೆಸರು. 1996ರಲ್ಲಿ ಹಾಟ್‌ಮೇಲ್ ಬಂದ ಮೇಲೆ ಸ್ವಂತ ಸಂಪರ್ಕವಿಲ್ಲದವರೂ ಸೈಬರ್ ಕೆಫೆಯಲ್ಲಿ ಕುಳಿತು ವಿಳಾಸ ಪಡೆಯಬಹುದಾಯಿತು. ಸೊಲ್ಲಾಪುರದವನೂ ಆದೋನಿಯವನೂ ಮೈಸೂರಿನವನೂ ಆ ವಿಳಾಸದಲ್ಲಿ ಬೇರೆ ಬೇರೆ ರಾಜ್ಯದವರಾಗಿ ಕಾಣುತ್ತಿರಲಿಲ್ಲ.

ವಿಳಾಸದಲ್ಲಿ ಮಾಯವಾದ ಗಡಿ ಪತ್ರದ ಒಳಗೆ ಕಾದು ಕುಳಿತಿತ್ತು. ಇ-ಮೇಲ್ ಮೂಲತಃ ಇಂಗ್ಲಿಷಿನ ಅಕ್ಷರ, ಅಂಕಿ, ವಿರಾಮಚಿಹ್ನೆಗಳಿಗಾಗಿ ಮಾಡಿದ 128 ಸಂಕೇತಗಳ ಆಸ್ಕಿ ಪಟ್ಟಿಯ ಮೇಲೆ ನಿಂತಿತ್ತು. ಅದನ್ನು 256ಕ್ಕೆ ಹಿಗ್ಗಿಸಿದರೂ ಗುಣಿತಾಕ್ಷರ ಮತ್ತು ಒತ್ತಕ್ಷರಗಳ ಎಲ್ಲ ರೂಪಗಳಿಗೆ ಅಲ್ಲಿ ಜಾಗವಿರಲಿಲ್ಲ. ಆದ್ದರಿಂದ ಫಾಂಟ್ ರೂಪಿಸುವವರು ಅಕ್ಷರಗಳನ್ನು ತುಂಡುಗಳಾಗಿ ಒಡೆದರು: ತಲೆಕಟ್ಟು ಒಂದು ಸ್ಥಾನದಲ್ಲಿ, ಕೊಂಬು ಇನ್ನೊಂದರಲ್ಲಿ, ಒತ್ತು ಮತ್ತೊಂದರಲ್ಲಿ. ಯಾವ ತುಂಡಿಗೆ ಯಾವ ಸಂಖ್ಯೆ ಎಂಬುದನ್ನು ಒಬ್ಬೊಬ್ಬರು ಒಂದೊಂದು ಬಗೆಯಲ್ಲಿ ತೀರ್ಮಾನಿಸಿದರು. ಕಳುಹಿಸಿದವರ ಬಳಿ ಇದ್ದ ಫಾಂಟ್ ಪಡೆದವರ ಬಳಿಯೂ ಇದ್ದರೆ ಅದು ಕನ್ನಡ. ಇಲ್ಲವಾದರೆ ನಮ್ಮ ಮಾಸ್ತರರ ಫ್ಲಾಪಿಯಲ್ಲಿ ಕಂಡ ಕಲಸುಮೇಲೋಗರ.

ಈ ಕಷ್ಟದ ನಡುವೆಯೇ ಕೆಲವರು ದೊಡ್ಡ ಕೆಲಸ ಮಾಡಿದರು. ಕಿನ್ನಿಕಂಬಳದ ಕೆ. ಪಿ. ರಾವ್ ಅವರು ಧ್ವನಿಯನ್ನು ಆಧರಿಸಿದ ಕೀಲಿಮಣೆಯ ವಿನ್ಯಾಸವನ್ನು ರೂಪಿಸಿ, ವಿದ್ವಾಂಸ ಸೇಡಿಯಾಪು ಕೃಷ್ಣ ಭಟ್ಟರ ಹೆಸರಿನ ತಂತ್ರಾಂಶವನ್ನು ಕೊಟ್ಟರು. ಯು. ಬಿ. ಪವನಜ ಅವರು 1996ರಲ್ಲಿ 'ವಿಶ್ವಕನ್ನಡ'ವೆಂಬ ಅಂತರ್ಜಾಲ ಪತ್ರಿಕೆಯನ್ನು ತೆರೆದರು. 1998ರಲ್ಲಿ ಶೇಷಾದ್ರಿವಾಸು ಚಂದ್ರಶೇಖರನ್ ಅವರ 'ಬರಹ' ಬಂತು. ಕನ್ನಡ ಗಣಕ ಪರಿಷತ್ತಿನ 'ನುಡಿ'ಯನ್ನು ಕರ್ನಾಟಕ ಸರ್ಕಾರ ತನ್ನ ಕಚೇರಿಗಳಿಗೆ ಒಪ್ಪಿಕೊಂಡಿತು. ಅದರ ಕೀಲಿಮಣೆಗೂ ರಾವ್ ಅವರ ವಿನ್ಯಾಸವೇ ಆಧಾರ.

ಆದರೆ ಕರ್ನಾಟಕ ಸರ್ಕಾರದ ಆದೇಶ ಕರ್ನಾಟಕದ ಗಡಿಯಲ್ಲಿ ನಿಲ್ಲುತ್ತದೆ. ತಲಪಾಡಿ ದಾಟಿದರೆ ಕಚೇರಿಯ ಗಣಕದಲ್ಲಿ ಮಲಯಾಳಂ, ಅಕ್ಕಲಕೋಟೆಯಲ್ಲಿ ದೇವನಾಗರಿ, ರಾಯದುರ್ಗದಲ್ಲಿ ತೆಲುಗು, ತಾಳವಾಡಿಯಲ್ಲಿ ತಮಿಳು. ಸಂವಿಧಾನದ 350ನೆಯ ವಿಧಿಯಂತೆ ಯಾವುದೇ ವ್ಯಕ್ತಿ ತನ್ನ ಅಹವಾಲನ್ನು ಒಕ್ಕೂಟದಲ್ಲಿ ಅಥವಾ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಸಲ್ಲಿಸಬಹುದು. ಕೈಬರಹದ ಅರ್ಜಿಗೆ ಈ ಹಕ್ಕು ನಿರಾತಂಕವಾಗಿ ಒದಗುತ್ತಿತ್ತು: ಓದಬಲ್ಲವರು ಕಚೇರಿಯಲ್ಲಿ ಇಲ್ಲದಿದ್ದರೂ ಅದು ಕನ್ನಡವೆಂಬುದು ಯಾರಿಗಾದರೂ ಕಾಣುತ್ತಿತ್ತು, ಅನುವಾದಕನಿಗೆ ಕಳುಹಿಸಬಹುದಿತ್ತು. ಅದೇ ಅರ್ಜಿ ಇ-ಮೇಲ್ ಆಗಿ ಹೋದಾಗ ಅದು ಯಾವ ಭಾಷೆಯದೂ ಅಲ್ಲದ ಗುರುತುಗಳ ರಾಶಿಯಾಗುತ್ತಿತ್ತು. ಯಾರೂ ಹಕ್ಕನ್ನು ನಿರಾಕರಿಸಲಿಲ್ಲ; ಅರ್ಜಿ ಬಂದಿದೆ ಎಂಬುದನ್ನೇ ಯಂತ್ರ ತೋರಿಸಲಿಲ್ಲ.

ಜಾಲತಾಣಗಳ ಕಥೆಯೂ ಭಿನ್ನವಲ್ಲ. ಪ್ರೌಢಶಾಲೆಯ ಕೊನೆಯ ವರ್ಷದಲ್ಲಿ ನಾನು ಕಾಸರಗೋಡಿನ ಒಂದು ಸೈಬರ್ ಕೆಫೆಗೆ ಹೋಗಿ ಕನ್ನಡ ಪತ್ರಿಕೆಯೊಂದರ ತಾಣವನ್ನು ತೆರೆದೆ. ಪರದೆಯ ತುಂಬ ಖಾಲಿ ಚೌಕಗಳು ಕಂಡವು. ಫಾಂಟ್ ಇಳಿಸಿಕೊಳ್ಳಿ ಎಂಬ ಸೂಚನೆ ಇಂಗ್ಲಿಷಿನಲ್ಲಿತ್ತು. ಬಾಡಿಗೆಯ ಗಣಕದಲ್ಲಿ ಏನನ್ನೂ ಸೇರಿಸಬಾರದೆಂಬ ಸೂಚನೆ ಗೋಡೆಯ ಮೇಲಿತ್ತು. ಅರ್ಧ ಗಂಟೆಯ ಹಣ ಕೊಟ್ಟು ಹೊರಬಂದೆ. ಅನೇಕ ಭಾರತೀಯ ಭಾಷೆಗಳ ತಾಣಗಳು ಫಾಂಟನ್ನು ಪುಟದ ಜೊತೆಯಲ್ಲೇ ಕಳುಹಿಸುವ ಉಪಾಯವನ್ನು ಬಳಸುತ್ತಿದ್ದವು. ಅದು ಇಂಟರ್ನೆಟ್ ಎಕ್ಸ್‌ಪ್ಲೋರರ್ ಎಂಬ ಒಂದೇ ಜಾಲಶೋಧಕದಲ್ಲಿ ಕೆಲಸ ಮಾಡುತ್ತಿತ್ತು. ಓದುವುದಕ್ಕೆ ಸಾಕ್ಷರತೆಯ ಜೊತೆಗೆ ಯಂತ್ರದ ಮಾಲೀಕತ್ವವೂ ಬೇಕಾಗಿದ್ದ ಕಾಲ ಅದು.

ಹೀಗಾಗಿ ಚಾಟ್ ರೋಮನ್ ಲಿಪಿಯತ್ತ ಹೊರಳಿತು. ಯಾಹೂ ಮೆಸೆಂಜರಿನ ಕಿಟಕಿಯಲ್ಲಿ ಫಾಂಟಿನ ಬಗ್ಗೆ ಚರ್ಚಿಸುವಷ್ಟು ವ್ಯವಧಾನ ಯಾರಿಗಿತ್ತು? ಬರೆದದ್ದು ತಕ್ಷಣ ಕಾಣಬೇಕಿತ್ತು, ಅಷ್ಟೆ. ರೋಮನ್ ಲಿಪಿಯಲ್ಲಿ 'ಹಳ್ಳಿ'ಯೂ 'ಹಲ್ಲಿ'ಯೂ ಒಂದೇ, 'ಕಾಲು' ಮತ್ತು 'ಕಾಳು' ಒಂದೇ; ಸಂದರ್ಭ ನೋಡಿ ಅರ್ಥ ಮಾಡಿಕೊಳ್ಳಬೇಕು. ಇದನ್ನು ಕೇವಲ ನಷ್ಟವೆಂದು ಬರೆದರೆ ಇತಿಹಾಸಕ್ಕೆ ನ್ಯಾಯ ಸಲ್ಲದು. ಕಾಸರಗೋಡಿನ ಗೆಳತಿಯರು ನಾವು ಕನ್ನಡದಲ್ಲಿ ಆರಂಭಿಸಿ, ತುಳುವಿನಲ್ಲಿ ಗೇಲಿ ಮಾಡಿ, ಮಲಯಾಳಂನಲ್ಲಿ ಶಾಲೆಯ ವಿಷಯ ಮುಗಿಸುತ್ತಿದ್ದೆವು. ಆಡುಮಾತಿನಲ್ಲಿ ಸಹಜವಾಗಿದ್ದ ಈ ಬೆರಕೆಗೆ ಬರಹದಲ್ಲಿ ಲಿಪಿಗಳು ಅಡ್ಡಬರುತ್ತಿದ್ದವು. ರೋಮನ್ ಆ ಗೋಡೆಗಳನ್ನು ತಗ್ಗಿಸಿತು. ಆದರೆ ಅದೇ ಲಿಪಿಯಲ್ಲಿ ಬೆಳೆದವರು ಕನ್ನಡವನ್ನು ಮಾತನಾಡುತ್ತಾ ಕನ್ನಡ ಲಿಪಿಯನ್ನು ಮರೆಯುವ ದಾರಿಯೂ ತೆರೆಯಿತು. ಅಲ್ಪಸಂಖ್ಯಾತ ಭಾಷೆಯೊಂದಕ್ಕೆ ಇದು ಸಣ್ಣ ಅಪಾಯವಲ್ಲ. ಶಾಲೆ, ಪಠ್ಯ, ಪರೀಕ್ಷೆ, ಅರ್ಜಿ ಎಲ್ಲವೂ ಲಿಪಿಯನ್ನೇ ಕೇಳುತ್ತವೆ.

ಪರಿಹಾರದ ಬೀಜ ಅದಾಗಲೇ ಬಿದ್ದಿತ್ತು. ಭಾರತೀಯ ಲಿಪಿಗಳಿಗೆ ಸಮಾನವಾದ ಸಂಕೇತ ಕೊಡುವ ಇಸ್ಕಿ ಕ್ರಮವೂ ಎಲ್ಲ ಲಿಪಿಗಳಿಗೆ ಒಂದೇ ಕೀಲಿಸ್ಥಾನ ಕೊಡುವ ಇನ್‌ಸ್ಕ್ರಿಪ್ಟ್ ವಿನ್ಯಾಸವೂ 1980ರ ದಶಕದಲ್ಲೇ ರೂಪುಗೊಂಡಿದ್ದವು. ತೆಲುಗಿನಲ್ಲಿ ಇನ್‌ಸ್ಕ್ರಿಪ್ಟ್ ಕಲಿತ ರಾಯದುರ್ಗದ ಬೆರಳಚ್ಚುಗಾರನಿಗೆ ಕನ್ನಡದ 'ಕ' ಬೇರೆ ಕೀಲಿಯಲ್ಲಿರಲಿಲ್ಲ. ಎರಡು ಲಿಪಿಗಳ ನಡುವೆ ಬದುಕುವವರಿಗೆ ಇದಕ್ಕಿಂತ ಹೊಂದುವ ವಿನ್ಯಾಸವಿರಲಿಲ್ಲ. ಕರ್ನಾಟಕದ ರೂಢಿ ಬೇರೆಯಾದ್ದರಿಂದ ಈ ಅನುಕೂಲ ಗಡಿನಾಡಿನಲ್ಲೂ ಚರ್ಚೆಗೆ ಬರಲಿಲ್ಲ.

1991ರಲ್ಲಿ ಪ್ರಕಟವಾದ ಯೂನಿಕೋಡ್ ಇಸ್ಕಿಯ ಜೋಡಣೆಯನ್ನು ಉಳಿಸಿಕೊಂಡು ಪ್ರತಿ ಲಿಪಿಗೂ 128 ಸ್ಥಾನಗಳ ಪ್ರತ್ಯೇಕ ಕೇರಿಯನ್ನು ಕೊಟ್ಟಿತು. ದಶಮಾನದಲ್ಲಿ ಎಣಿಸಿದರೆ ತಮಿಳಿನ 'ಕ' 2965, ತೆಲುಗಿನದು 3093, ಕನ್ನಡದ್ದು 3221, ಮಲಯಾಳಂನದು 3349. ಒಂದೊಂದರ ನಡುವೆ ಸರಿಯಾಗಿ 128. ನಮ್ಮ ಗಡಿಗಳ ನಾಲ್ಕು ದ್ರಾವಿಡ ಭಾಷೆಗಳು ಒಂದೇ ಅಳತೆಯ ಅಂತರದಲ್ಲಿ ಸಾಲಾಗಿ ಕುಳಿತಿವೆ. ಒಂದರ ಸಂಖ್ಯೆ ಇನ್ನೊಂದರದಾಗುವುದಿಲ್ಲ. ಫಾಂಟ್ ಬದಲಾದರೆ ಅಕ್ಷರದ ಚೆಲುವು ಬದಲಾಗಬಹುದು, ಭಾಷೆ ಬದಲಾಗದು.

ಈ ಕೇರಿಯಲ್ಲೂ ಒಂದು ತಪ್ಪು ನಡೆಯಿತು. ತಮಿಳು ಮತ್ತು ಮಲಯಾಳಂಗಳಲ್ಲಿ ಇಂದಿಗೂ ಬಳಕೆಯಲ್ಲಿರುವ ರಳಾಕ್ಷರಕ್ಕೆ ಆ ಲಿಪಿಗಳ ಪಟ್ಟಿಯಲ್ಲಿ ನಿಗದಿಯಾದ ಸ್ಥಾನವಿದೆ. ಕನ್ನಡದ ಪಟ್ಟಿಯಲ್ಲಿ ಅದಕ್ಕೆ ಸಮನಾದ 3252ನೆಯ ಸ್ಥಾನ ಖಾಲಿ. ಹಳಗನ್ನಡದ 'ೞ' 3294ರಲ್ಲಿ, ಅದೂ 'ಫ' ಎಂಬ ತಪ್ಪು ಹೆಸರಿನಲ್ಲಿ ದಾಖಲಾಯಿತು. ಒಮ್ಮೆ ಕೊಟ್ಟ ಹೆಸರನ್ನು ಬದಲಾಯಿಸದಿರುವುದು ಯೂನಿಕೋಡಿನ ನಿಯಮವಾದ್ದರಿಂದ, ಸರಿಯಾದ ಹೆಸರನ್ನು ಪರ್ಯಾಯವಾಗಿ ಮಾತ್ರ ಸೇರಿಸಲಾಗಿದೆ. ಭಾಷೆಯನ್ನು ಬಲ್ಲವರು ಪಟ್ಟಿ ತಯಾರಾಗುವ ಮೇಜಿನ ಬಳಿ ಇರಬೇಕೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

2001ರ ವಿಂಡೋಸ್ ಎಕ್ಸ್‌ಪಿ 'ತುಂಗಾ' ಫಾಂಟಿನೊಂದಿಗೆ ಕನ್ನಡ ಯೂನಿಕೋಡನ್ನು ಮೇಜಿನ ಗಣಕಕ್ಕೆ ತಂದಿತು. 2003ರಲ್ಲಿ ಕನ್ನಡ ವಿಕಿಪೀಡಿಯ ಆರಂಭವಾಯಿತು. ಇಲ್ಲಿ ಗಡಿನಾಡಿನ ಒಂದು ವೈಚಿತ್ರ್ಯವನ್ನು ಗಮನಿಸಬೇಕು. ಕೇರಳದ ಶಾಲೆಗಳು ಸ್ವತಂತ್ರ ತಂತ್ರಾಂಶವಾದ ಲಿನಕ್ಸನ್ನು ಅಪ್ಪಿಕೊಂಡವು. ಐಟಿ ಪಠ್ಯಪುಸ್ತಕಗಳು ಕನ್ನಡ ಮಾಧ್ಯಮಕ್ಕೂ ಬಂದವು. ಕರ್ನಾಟಕದ ಅನೇಕ ಕಚೇರಿಗಳು ಹಳೆಯ ಫಾಂಟ್ ಸಂಕೇತಗಳನ್ನೇ ನೆಚ್ಚಿಕೊಂಡಿದ್ದ ಕಾಲದಲ್ಲಿ ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳಿಗೆ ಯೂನಿಕೋಡ್ ಕನ್ನಡ ಮಲಯಾಳಂನ ಪಕ್ಕದಲ್ಲಿ ದೊರೆಯಿತು. ಹಕ್ಕಿನ ಹೋರಾಟದಲ್ಲಿ ಎದುರಿಗಿದ್ದ ರಾಜ್ಯವೇ ಅಕ್ಷರದ ವಿಷಯದಲ್ಲಿ ಅರಿವಿಲ್ಲದೆ ಜೊತೆಗಾರನಾಯಿತು. ನಮ್ಮ ಗಡಿಯ ಇತಿಹಾಸವನ್ನು ಬರೀ ವಂಚನೆಯ ಕಥನವಾಗಿ ಬರೆಯಲಾಗದು ಎನ್ನುವುದಕ್ಕೆ ಇದೂ ಒಂದು ಕಾರಣ.

ಇನ್ನು ಮಾಸ್ತರರ ಡಬ್ಬಿಯ ವಿಷಯ. ಮುದ್ರಿತ ಹಾಳೆಯೊಂದರ ಮೊದಲ ಸಾಲನ್ನು ಫ್ಲಾಪಿಯಲ್ಲಿದ್ದ ಸಾಲಿನೊಡನೆ ಇಟ್ಟು ನೋಡಿದಾಗ ಯಾವ ಗುರುತಿಗೆ ಯಾವ ತುಂಡು ಎಂಬುದು ನಿಧಾನವಾಗಿ ತೆರೆದುಕೊಂಡಿತು. ಹಳೆಯ ಫಾಂಟಿನಲ್ಲಿ ಅಕ್ಷರಗಳು ಕಣ್ಣಿಗೆ ಕಾಣುವ ಕ್ರಮದಲ್ಲಿವೆ: 'ಕರ್ಮ' ಎಂಬಲ್ಲಿ ಅರ್ಕಾವೊತ್ತು 'ಮ'ದ ಬಳಿಕ ಬರುತ್ತದೆ. ಯೂನಿಕೋಡಿನಲ್ಲಿ ಉಚ್ಚಾರದ ಕ್ರಮ: 'ರ್' ಮೊದಲು, 'ಮ' ಆಮೇಲೆ. ಅದನ್ನು ಹಿಂದಕ್ಕೆ ಸರಿಸುವುದೇ ಬಹುಪಾಲು ಕೆಲಸವಾಯಿತು. ಎರಡು ಸಂಜೆಗಳ ಬಳಿಕ ಒಂದು ಪುಟ ಕನ್ನಡವಾಯಿತು. ಅದು ಕಚೇರಿಯೊಂದಕ್ಕೆ ಕಳುಹಿಸಿದ ಅರ್ಜಿ. ಅಲ್ಲಿನ ನಮೂನೆಗಳು ಕನ್ನಡದಲ್ಲೂ ಸಿಗಬೇಕೆಂಬ ವಿನಂತಿ. ಉತ್ತರ ಬರಲಿಲ್ಲವೆಂದು ಮಾಸ್ತರರಿಗೆ ನೆನಪಿತ್ತು. ಏಕೆ ಬರಲಿಲ್ಲವೆಂದು ಈಗ ಊಹಿಸಬಹುದಾಗಿತ್ತು.

ನಮ್ಮ ಗ್ರಂಥಾಲಯಗಳು ತಾಳೆಗರಿಯನ್ನು ಎಣ್ಣೆ ಸವರಿ ಕಾಪಾಡುತ್ತವೆ. ಈ ಪತ್ರಗಳ ವಯಸ್ಸು ತಾಳೆಗರಿಯದ್ದಲ್ಲ, ಆದರೆ ಅಳಿವಿನ ವೇಗ ಅದಕ್ಕಿಂತ ಹೆಚ್ಚು. ಗಡಿನಾಡಿನ ಸಂಘಗಳು, ಶಾಲೆಗಳು, ಸಣ್ಣ ಪತ್ರಿಕೆಗಳು ಆ ದಶಕದಲ್ಲಿ ಬರೆದದ್ದೆಲ್ಲ ಇಂತಹ ಡಬ್ಬಿಗಳಲ್ಲಿರುವ ಸಾಧ್ಯತೆಯಿದೆ. ಮಾಡಬೇಕಾದದ್ದು ಕಷ್ಟದ್ದಲ್ಲ: ಮೂಲ ಕಡತವನ್ನು ತಿದ್ದದೆ ನಕಲು ತೆಗೆಯುವುದು, ಬಳಸಿದ ಫಾಂಟಿನ ಹೆಸರನ್ನು ಬರೆದವರು ಬದುಕಿರುವಾಗಲೇ ಕೇಳಿ ಬರೆದುಕೊಳ್ಳುವುದು, ಮುದ್ರಿತ ಪ್ರತಿಯೊಂದಾದರೂ ಇದ್ದರೆ ಅದನ್ನು ಜೊತೆಗಿಡುವುದು. ಆ ಒಂದು ಹಾಳೆ ಮುಂದಿನವರಿಗೆ ಉಳಿದ ಕಡತಗಳ ಕೀಲಿಕೈ.

ತಿರುಗಿ ಕನ್ನಡವಾದ ಪುಟವನ್ನು ಮಾಸ್ತರರಿಗೆ ಒಯ್ದು ಕೊಟ್ಟೆ. ಅವರು ಓದಿ ಮುಗಿಸಿ, ಕೊನೆಯ ಸಾಲಿನ ಒಂದು ಕಾಗುಣಿತದ ತಪ್ಪನ್ನು ಪೆನ್ನಿನಿಂದ ತಿದ್ದಿದರು. ಆ ತಪ್ಪು ಪರಿವರ್ತನೆಯದ್ದಲ್ಲ, ಅಂದು ಅವರೇ ಮಾಡಿದ್ದು. ಉಳಿದ ಐದು ಫ್ಲಾಪಿಗಳು ಈಗ ನನ್ನ ಬಳಿ ಇವೆ.